ಬ್ರೇಕಿನ ಚಕ್ರದಲ್ಲಿ ಹದಿನಾಲ್ಕು ಬೈರಾಸು

ಹನ್ನೊಂದು ವರ್ಷದ ಹಿಂದಿನ ಆಟಿ ತಿಂಗಳು, ಜಡಿಮಳೆಯ ಕಾಲ, ಬೆಳಗಿನ ಆರು ಗಂಟೆ. ಇಲ್ಲಿನ ಒಂದು ರೂಢಿಗೆ ಕಾರಣವಾದದ್ದು ಆ ಬೆಳಿಗ್ಗೆ. ಈಗಲೂ ಅದೇ ಹೊತ್ತಿಗೆ ಗುಂಡ್ಯದಿಂದ ಕೆಳಗಿನ ಗೂಡ್ಸ್ ಯಾರ್ಡಿನಲ್ಲಿ ಅಚ್ಚುತ ಮೇಸ್ತ್ರಿ ಬಗ್ಗಿ, ವ್ಯಾಗನ್ ಚಕ್ರದಡಿಗೆ ಹೆಬ್ಬಲಸಿನ ಮರದ ಬೆಣೆ ತೂರಿಸಿ, ಸುತ್ತಿಗೆಯಲ್ಲಿ ಎರಡು ಪೆಟ್ಟು ಹಾಕುತ್ತಾರೆ. ಆಮೇಲೆ ಹ್ಯಾಂಡ್ ಬ್ರೇಕಿನ ಚಕ್ರವನ್ನು ಮೈಭಾರ ಹಾಕಿ ತಿರುಗಿಸುತ್ತಾರೆ. ಕೊನೆಗೆ ಹೆಗಲಿನ ಟವೆಲು, ಅವರ ಮಾತಿನಲ್ಲಿ ಬೈರಾಸು, ತೆಗೆದು ಆ ಚಕ್ರಕ್ಕೇ ನೇತುಹಾಕುತ್ತಾರೆ. ಗೊಬ್ಬರದ ಮೂಟೆ ಇಳಿಸುವ ಹದಿಮೂರು ಮಂದಿಯೂ ತಮ್ಮ ತಮ್ಮದನ್ನು ಹಾಕುತ್ತಾರೆ. ಹದಿನಾಲ್ಕು ಬೈರಾಸೂ ಅವರವರ ಹೆಗಲಿಗೆ ಮರಳುವ ತನಕ ಬೆಣೆ ತೆಗೆಯುವ ಹಾಗಿಲ್ಲ.

ಅದು ಘಾಟಿಯ ಬುಡ. ಹಳಿಯ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ. "ಲಾರಿ ಬಂದರೆ ಶಬ್ದ ಉಂಟು. ಈ ವ್ಯಾಗನ್ನಿಗೆ ಶಬ್ದವೇ ಇಲ್ಲ. ಬೆಕ್ಕು ಬಂದ ಹಾಗೆ ಬರುದು," ಎನ್ನುತ್ತಾರೆ ಅಚ್ಚುತ.

ಆ ಆಟಿಯ ಬೆಳಿಗ್ಗೆ ಬೆಣೆ ಇರಲಿಲ್ಲ. ಎಲ್ಲರೂ ಮಾಡುವಂತೆ ಅಚ್ಚುತರೂ ಚಕ್ರದಡಿಗೆ ಒಂದು ಮುರಕಲ್ಲಿನ ತುಂಡು ಇಟ್ಟರು. ಬ್ರೇಕ್ ಬಿಗಿದಿರಲಿಲ್ಲ. ಮಳೆ ಕುಡಿದ ಕೆಂಪುಕಲ್ಲು ಪುಡಿಯಾಗಿ ವ್ಯಾಗನ್ ಉರುಳಿತು. ಎರಡು ವ್ಯಾಗನ್ ನಡುವೆ ದಾಟುತ್ತಿದ್ದ ಸರ್ವೋತ್ತಮ, ಅವರ ಜೊತೆ ಒಂದೇ ಬುತ್ತಿ ಉಂಡವನು, ಅಲ್ಲೇ ತೀರಿಕೊಂಡ.

"ಕೆಲಸಕ್ಕೆ ಇಳಿಯುವಾಗ ಅವನು ತೆಗೆದು ಹಾಕಿದ ಬೈರಾಸು ಬ್ರೇಕಿನ ಚಕ್ರದಲ್ಲೇ ನೇತಾಡ್ತಾ ಇತ್ತು. ಯಾರೂ ನೋಡ್ಲಿಲ್ಲ. ಕಲ್ಲು ಇಟ್ಟದ್ದು ನಾನು. ಬೇರೆಯವರ ಹೆಸರು ಹೇಳುದು ಎಂತಕ್ಕೆ?"

ಆಮೇಲೆ ಅಚ್ಚುತ ಬೈರಾಸಿನ ರೂಢಿ ತಂದಾಗ ನಗಾಡಿದವರೇ ಹೆಚ್ಚು. "ಬಟ್ಟೆ ಒಣಗಿಸ್ಲಿಕ್ಕೆ ಮೇಸ್ತ್ರಿ ರೈಲು ತರಿಸಿದ್ದಾ?" ಎಂದು ಜೊತೆಗಾರ ಚಾಕೋ ದಿನಾ ಕೇಳುತ್ತಿದ್ದರು.

ನಗು ನಿಂತದ್ದು ಹೋದ ವರ್ಷ. ಮೂಟೆ ಇಳಿಸಿ ಆಗಿತ್ತು. ಎಂಜಿನ್ ಬಂದು ಹಾರ್ನ್ ಹೊಡೆಯುತ್ತಿತ್ತು. ಚಕ್ರದಲ್ಲಿ ನೀಲಿ ಅಂಚಿನ ಒಂದು ಬೈರಾಸು ಉಳಿದಿತ್ತು.

"ಅದು ಹಕೀಮನದ್ದು. ಮರೆತು ಹೋಗಿರ್ಬೇಕು, ತೆಗಿ ಮಾರಾಯ," ಎಂದರು ಚಾಕೋ.

"ಹಕೀಮೇ ಬಂದು ತೆಗೀಲಿ," ಎಂದರು ಅಚ್ಚುತ.

"ಎಂಜಿನಿನವರು ಬೈತಾರೆ!"

"ಬೈಗುಳ ತಿಂದು ಯಾರೂ ಸತ್ತದ್ದಿಲ್ಲ."

ಅಚ್ಚುತ ಬೆಣೆಯ ಮೇಲೆ ಕಾಲಿಟ್ಟು ನಿಂತರು. ಉಳಿದವರು ಹುಡುಕಿದಾಗ, ಒಂಬತ್ತನೇ ವ್ಯಾಗನ್ನಿನ ಅಡಿಯಲ್ಲಿ ಮೊಣಕಾಲೂರಿ ಕೂತಿದ್ದ ಹಕೀಮ್ ಸಿಕ್ಕಿದರು. ಹಳಿಗೆ ಬಿದ್ದ ಒಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದರು.

"ಹಾರ್ನ್ ಕೇಳ್ಲಿಲ್ವಾ?" ಅಚ್ಚುತ ಗದರಿದರು.

"ಕೇಳಿತು. ನನ್ನ ಬೈರಾಸು ಅಲ್ಲಿ ಉಂಟಲ್ಲ! ನೀನು ಬಿಡುದಿಲ್ಲ ಅಂತ ಗೊತ್ತುಂಟು."

ಹಕೀಮ್ ಬೈರಾಸು ಹೆಗಲಿಗೆ ಹಾಕಿಕೊಂಡ ಮೇಲೆಯೇ ಅಚ್ಚುತ ಬೆಣೆ ತೆಗೆದರು. ಚಾಕೋ ಅಂದಿನಿಂದ ರೈಲಿನ ಜೋಕು ಹೇಳಿಲ್ಲ.

ಇಷ್ಟು ವರ್ಷದಲ್ಲಿ ಮತ್ತೆ ಯಾರಿಗೂ ಏನೂ ಆಗಿಲ್ಲ. ಅದಕ್ಕಾಗಿ ಅಚ್ಚುತರಿಗೆ ಯಾರೂ ಹಾರ ಹಾಕಿಲ್ಲ, ಅವರು ಕೇಳಿಯೂ ಇಲ್ಲ. "ಇಲ್ಲಿಂದ ಹೋಗುವವರು ನಡೆದು ಹೋಗ್ಬೇಕು. ಅಷ್ಟು ಸಾಕು," ಎನ್ನುತ್ತಾರೆ.

ವಯಸ್ಸಾಯಿತೆಂದು ಹಕೀಮ್ ಕೆಲಸ ಬಿಟ್ಟದ್ದು ಮೊನ್ನೆ ಶುಕ್ರವಾರ. ನೀಲಿ ಅಂಚಿನ ಬೈರಾಸನ್ನು ತಾವೇ ತೆಗೆದು ಹೆಗಲಿಗೆ ಹಾಕಿಕೊಂಡರು. ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ, ಗೇಟಿನ ಕಡೆ ನಡೆದು ಹೋದರು.