ಐವತ್ತೆರಡು ಕುರ್ಚಿಗಳ ಎಲುನೆಡ್ ಆಂಟಿ

ಬೆಳಗಿನ ಆರೂಕಾಲು. ಡಿಸೆಂಬರಿನ ಕತ್ತಲೆ ಕಣಿವೆ ಬಿಟ್ಟು ಇನ್ನೂ ಎದ್ದಿಲ್ಲ. ಎಪ್ಪತ್ತೊಂದು ವರ್ಷದ ಎಲುನೆಡ್ ಪ್ಯೂ ಪ್ರಾರ್ಥನಾ ಮಂದಿರದ ಬೀಗ ತೆಗೆದು, ದೀಪ ಹಾಕಿ, ನಿಂತಲ್ಲೇ ನಿಂತುಬಿಡುತ್ತಾರೆ. ಐವತ್ತೆರಡು ಕುರ್ಚಿಗಳೂ ಆಗಲೇ ಸಾಲಾಗಿವೆ, ಒಂದೊಂದರ ಮೇಲೂ ಹಾಡಿನ ಕಡತವಿದೆ. ಜೋಡಿಸಿದ್ದು ಅವರಲ್ಲ.

"ತಲೆಬುಡ ಅರ್ಥ ಆಗ್ಲಿಲ್ಲ," ಎನ್ನುತ್ತಾರೆ. "ನಿನ್ನೆ ನಾನೇ ಬಂದು ಜೋಡಿಸಿ ಮರೆತುಬಿಟ್ನಾ? ಇಲ್ಲಾ ಈ ಕೆಲಸದಿಂದ ನನ್ನ ತೆಗೆದುಹಾಕಿ, ಹೇಳೋಕೆ ಬಾಯಿ ಬರದೆ ಸುಮ್ನಿದ್ದಾರಾ?"

ಊರಿನ ಗಾಯನವೃಂದ ಪ್ರತಿ ಕ್ರಿಸ್‌ಮಸ್‌ಗೆ ಇಲ್ಲಿ ಹಾಡುತ್ತದೆ; ಈ ವರ್ಷದ ಕಚೇರಿ ಇವತ್ತೇ ಮಧ್ಯಾಹ್ನ. ಕೊನೆಯ ಹಾಡಾದ ಮೇಲೆ ನಿರ್ದೇಶಕ ಎಮ್ರಿಸ್ ಬೋವೆನ್ ವರ್ಷವಿಡೀ ನೆರವಾದವರಿಗೆ ಕೃತಜ್ಞತೆ ಹೇಳುತ್ತಾರೆ. ಬೇಕರಿಯವನು, ದಾದಿ, ಬಸ್ಸಿನ ಚಾಲಕ, ಎಲ್ಲರ ಹೆಸರೂ ಬರುತ್ತದೆ. ಇಪ್ಪತ್ತಾರು ವರ್ಷಗಳಿಂದ ಕುರ್ಚಿ ಹಾಕುವ ಎಲುನೆಡ್ ಹೆಸರು ಮಾತ್ರ ಒಮ್ಮೆಯೂ ಬಂದಿಲ್ಲ. ಕುರ್ಚಿಗಳು ತಾವೇ ನಡೆದು ಬಂದು ನಿಲ್ಲುತ್ತವೆ ಎಂದುಕೊಂಡಿದ್ದರೋ ಏನೋ!

ಮೂವತ್ತು ವರ್ಷ ಆಸ್ಪತ್ರೆಯ ಹೊದಿಕೆ ಒಗೆದು ಬದುಕಿದ ಜೀವ ಇದು. ಗಂಡ ತೀರಿಕೊಂಡ ವರ್ಷ, ಮನೆಯಲ್ಲಿ ಕೂರಲಾಗದೆ ವೃಂದದ ಬಾಗಿಲಿಗೆ ಬಂದರು. ಹಾಡಲು ಬರುವುದಿಲ್ಲ. "ಶ್ರುತಿ ನನ್ನ ಹತ್ರಾನೂ ಸುಳಿಯಲ್ಲ. ಸ್ಕೂಲಲ್ಲಿ ಮೇಷ್ಟ್ರು, ಬರೀ ತುಟಿ ಆಡಿಸು ಸಾಕು ಅಂದಿದ್ರು. ಈ ಕುರ್ಚಿ ಹೋದ್ರೆ ನಾನಿಲ್ಲಿ ಯಾರು ಹೇಳಿ?"

ಒಂಬತ್ತೂವರೆಗೆ ಗಾಯಕರು ನಗುತ್ತ ಒಳಬರುತ್ತಾರೆ. ಎಮ್ರಿಸ್ ಬಂದು ಎಲುನೆಡ್ ಕೈ ಹಿಡಿದು ಮುಂದಿನ ಬೆಂಚಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮೆತ್ತೆ ಬೇರೆ ಹಾಸಿದೆ.

"ಆಂಟಿ, ಇವತ್ತು ನೀವು ಒಂದು ಕಡ್ಡಿನೂ ಎತ್ತಬಾರದು. ನಿನ್ನೆ ಸಂಜೆ ನಾವೇ ಎಲ್ಲಾ ಜೋಡಿಸಿದೀವಿ. ಇದು ನಿಮಗೆ ನಮ್ಮ ಥ್ಯಾಂಕ್ಸ್."

ಎಲುನೆಡ್ ಕೂರುತ್ತಾರೆ. ಇದು ಗೌರವವೋ, ಮನೆಗೆ ಕಳಿಸುವ ಉಪಾಯವೋ, ಅವರಿಗೆ ತಿಳಿಯದು.

ಅಷ್ಟರಲ್ಲಿ ಅಭ್ಯಾಸ ಶುರುವಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಹಾಡು! ಪಾಪ, ಗಾಯಕರು ಕುರ್ಚಿಗಳನ್ನು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಹಾಕಿದ್ದಾರೆ. ಅರ್ಧ ಊರೇ ಜೋನ್ಸ್ ಆಗಿರುವ ಕಣಿವೆಯಲ್ಲಿ ಇಂಥ ಬುದ್ಧಿ ಯಾರಿಗೆ ಹೊಳೆಯಿತೋ. ಹನ್ನೊಂದು ಜೋನ್ಸರು ಒಂದೇ ಸಾಲಿನಲ್ಲಿ. ಅಮ್ಮನ ಪಿಂಗಾಣಿ ಬೀರುವಿಗಾಗಿ ಒಂಬತ್ತು ವರ್ಷದಿಂದ ಎಣ್ಣೆ-ಸೀಗೆಕಾಯಿಯಂತಿರುವ ಕ್ಯಾರಿಸ್, ಓಲ್ವೆನ್ ಅಕ್ಕತಂಗಿಯರು ಪಕ್ಕಪಕ್ಕ. ಎಡಗಿವಿ ಕೇಳದ ಗೆಥಿನ್ ಬಲತುದಿಯಲ್ಲಿ; ಅವನಿಗೆ ಗೋಡೆಯೊಂದೇ ಕೇಳಿಸುತ್ತಿದೆ.

ಎಲುನೆಡ್ ಕುರ್ಚಿ ಹಾಕುವಾಗ ನೋಡುವುದು ಇದನ್ನೇ. ಯಾರ ಕಿವಿ ಎತ್ತ, ಯಾರ ಮುನಿಸು ಯಾರ ಮೇಲೆ, ಬೆನ್ನ ಹಿಂದೆ ಯಾರ ದನಿಯಿದ್ದರೆ ಯಾರಿಗೆ ಧೈರ್ಯ. ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಮೂರನೆಯ ಸಲ ಹಾಡು ಮುರಿದಾಗ ಎಮ್ರಿಸ್ ಕೈ ಇಳಿಸಿ ಹಿಂದಕ್ಕೆ ತಿರುಗುತ್ತಾರೆ. "ಆಂಟಿ, ನಮಗೇನಾಯ್ತು? ಮೊನ್ನೆವರೆಗೂ ಚೆನ್ನಾಗೇ ಹಾಡ್ತಿದ್ವಲ್ಲ?"

"ಹಾಡು ಚೆನ್ನಾಗೇ ಇದೆ ಕಣಪ್ಪ, ಕೂತಿರೋದು ಸರಿಯಿಲ್ಲ. ಎಲ್ಲಾ ಏಳಿ ಮೇಲೆ!"

ಇಪ್ಪತ್ತು ನಿಮಿಷ ಬೇಕಾಗುತ್ತದೆ. ಅಕ್ಕತಂಗಿಯರ ನಡುವೆ ಮೂವರು ಬರುತ್ತಾರೆ, ಗೆಥಿನ್ ಎಡತುದಿಗೆ ಹೋಗುತ್ತಾನೆ. ಹಾಡು ಮತ್ತೆ ಎದ್ದಾಗ ಎಮ್ರಿಸ್ ಒಂದು ಕ್ಷಣ ಕೈ ಆಡಿಸುವುದನ್ನೇ ಮರೆಯುತ್ತಾರೆ. ಇಷ್ಟು ವರ್ಷ ತಾವು ತಮ್ಮದೆಂದುಕೊಂಡಿದ್ದ ಕೆಲಸದಲ್ಲಿ ಅರ್ಧ ಯಾರದೆಂದು ಅವರಿಗೆ ಈಗ ಗೊತ್ತಾಗಿದೆ.

ಮಧ್ಯಾಹ್ನ ಕಿಕ್ಕಿರಿದ ಮಂದಿರದಲ್ಲಿ ಕೃತಜ್ಞತೆಯ ಮೊದಲ ಹೆಸರೇ ಎಲುನೆಡ್ ಪ್ಯೂ. ಮೆತ್ತೆ ಹಾಸಿದ ಜಾಗ ಖಾಲಿ. ಅವರು ಹಿಂದೆ, ಚಹಾದ ಲೋಟಗಳ ಬಳಿ, ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ.

"ಯಾಕೆ ಅಳು ಬಂತು ಅಂತ ಇನ್ನೂ ಗೊತ್ತಾಗ್ತಿಲ್ಲ," ಎನ್ನುತ್ತಾರೆ. "ಮುಂದಿನ ವರ್ಷಾನೂ ಥ್ಯಾಂಕ್ಸ್ ಹೇಳ್ಲಿ, ಬೇಡ ಅನ್ನಲ್ಲ. ಆದ್ರೆ ಬಾಯಲ್ಲಿ ಹೇಳ್ಲಿ. ನನ್ನ ಕುರ್ಚಿ ಮುಟ್ಟೋದು ಬೇಡ."