ಬಾತ ಕೈಗೆ ತೊಡಿಸಿದ ಹಸಿರು ಬಳೆ

ಚೌಡೇಶ್ವರಿಯ ಎಡಗೈ ಬಾತುಕೊಂಡಿರುವುದು ಅರ್ಧ ಹರಿಹರಕ್ಕೆ ಗೊತ್ತಿತ್ತು. ಗೊತ್ತಾಗದೆ ಉಳಿದದ್ದು ಅವಳ ಡಾಕ್ಟರಿಗೆ ಮಾತ್ರ.

ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಅವಳು. ಅವಳು ರೊಟ್ಟಿ ಬಡಿಯುವ ಸದ್ದು ರಸ್ತೆಗೆ ಕೇಳುತ್ತಿತ್ತು, ಬಾಯಿಯ ಸದ್ದು ಅದಕ್ಕಿಂತ ಮುಂದಿನ ಓಣಿಗೆ ಕೇಳುತ್ತಿತ್ತು. ಬಿಪಿ ಏರಿ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗುವುದೇ ಅವಳ ಕಸುಬಾಯಿತು. ಶುರುವಿಗೆ ಎಡ ಹೆಗಲ ಹತ್ತಿರ ಎದೆಯೊಳಕ್ಕೆ ಒಂದು ಪೈಪು ಇಳಿಸಿ ಅದರಲ್ಲಿ ರಕ್ತ ತೊಳೆದರು. ಆ ಪೈಪಿಗೆ ಕೀವಾಗಿ, ಚಳಿಜ್ವರ ಬಂದು, ಬದುಕಿದ್ದೇ ಹೆಚ್ಚು ಎನ್ನುವ ಹಾಗಾಯಿತು. ಆಮೇಲೆ ಎಡಗೈ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದು ಫಿಸ್ಟುಲಾ ಮಾಡಿದರು. ಹೊಲಿದ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುತ್ತದೆ. ಆ ನಡುಕ ಇರುವ ತನಕ ಸೂಜಿಗೆ ರಕ್ತ ಸಿಗುತ್ತದೆ. ನಡುಕ ನಿಂತರೆ ಮತ್ತೆ ಪೈಪು, ಮತ್ತೆ ಕೀವು. ಹಾಗಾಗಿ ಎದ್ದ ತಕ್ಷಣ ಅವಳು ದೇವರಿಗೆ ಕೈ ಮುಗಿಯುವ ಮೊದಲು ಆ ಕೈಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ದೀಪಾವಳಿಗೆ ಮುಂಚೆಯೇ ಕೈ ಬಾತುಕೊಳ್ಳಲು ಶುರುವಾಯಿತು. ಮೊದಲು ಬೆರಳು, ಆಮೇಲೆ ಮೊಣಕೈ, ಸಂಕ್ರಾಂತಿ ಹೊತ್ತಿಗೆ ರವಿಕೆಯ ತೋಳು ಬಿಚ್ಚಿ ಹೊಲಿಸಬೇಕಾಯಿತು. ಹೋದಾಗಲೆಲ್ಲ ಹೇಳಿದಳು. ಡ್ಯೂಟಿ ಡಾಕ್ಟರು ಬಂದಾಗಲೆಲ್ಲ ಕೇಸ್ ಶೀಟು ನೋಡಿದರೇ ವಿನಾ ಕೈ ನೋಡಲಿಲ್ಲ. "ಉಪ್ಪು ಕಡಿಮೆ ಮಾಡಮ್ಮ, ದಿಂಬಿನ ಮೇಲೆ ಕೈ ಇಟ್ಕೊಂಡು ಮಲಗು."

"ಎಷ್ಟು ದಿಂಬು ಸಾರ್? ಹಾಸಿಗಿನೇ ಸುತ್ಕಂಡು ಬರ್ಲ್ಯಾ?" ಎಂದು ಒಮ್ಮೆ ಕೇಳಿದ್ದಕ್ಕೆ ಸಿಸ್ಟರು ನಕ್ಕರು. ಡಾಕ್ಟರು ನಗಲಿಲ್ಲ, ನಿಲ್ಲಲೂ ಇಲ್ಲ.

ಹೀಗಿರುವಾಗ ಕೊಕ್ಕನೂರಿನಲ್ಲಿ ಸಹನಾಳ ಕುಬುಸ, ಅಂದರೆ ಸೀಮಂತ, ಬಂತು. ಸಹನಾ ಅವಳ ಗಂಡ ಅಂಜಿನಪ್ಪನ ಅಕ್ಕ ಸರೋಜಕ್ಕನ ಮಗಳು, ಚೊಚ್ಚಲ ಬಸುರಿ. ಸೋದರಮಾವನ ಹೆಂಡತಿ ಇಲ್ಲದೆ ಕುಬುಸ ನಡೆಯುತ್ತದೆಯೇ? ಅಂಜಿನಪ್ಪ ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಅವತ್ತು ರಜೆ ಹಾಕಿ, ಬಸುರಿಗೆ ಕೊಡುವ ಸೀರೆ, ಹೂವಿನ ಗಂಟು ಕಟ್ಟಿಕೊಂಡು ಹೆಂಡತಿಯನ್ನು ಬೈಕಿನಲ್ಲಿ ಕರೆದುಕೊಂಡು ಹೋದ.

ಬಳೆ ಮಾರುವ ಬಿಲ್ಕೀಸ್ ಪಡಸಾಲೆಯಲ್ಲಿ ಬಳೆಗೊಂಚಲಿನ ಮಲಾರ ಬಿಚ್ಚಿ ಕೂತಿದ್ದಳು. ಬಸುರಿಗೆ ತೊಡಿಸಿ ಮುಗಿಸಿ, ಬಂದ ಮುತ್ತೈದೆಯರಿಗೆಲ್ಲ ಹಸಿರು ಬಳೆ ತೊಡಿಸುತ್ತಿದ್ದಳು. ಚೌಡೇಶ್ವರಿ ಬಲಗೈ ಚಾಚಿ, ತೊಡಿಸಿಕೊಂಡು ಏಳಲು ಹೋದಳು.

"ಎಡಗೈ?" ಎಂದಳು ಸರೋಜಕ್ಕ.

"ಆ ಕೈಗೆ ಬ್ಯಾಡಕ್ಕ. ಬಳಿ, ದಾರ ಏನೂ ಹಾಕಂಗಿಲ್ಲ ಅಂತ ಡಾಕ್ಟ್ರು ಅಂದಾರೆ."

"ಒಂದ್ ಕೈ ಬೋಳು ಬಿಟ್ಕಂಡು ಆರತಿ ಎತ್ತತೀಯೇನೇ ಚೌಡಿ, ಬಸುರಿ ಹುಡುಗಿ ಮುಂದೆ? ನನ್ನ ತಮ್ಮ ಗಟ್ಟಿಮುಟ್ಟಾಗಿ ಕಣ್ಮುಂದೆ ಕುಂತಾನೆ. ನೋಡಿದೋರು ಏನಂದ್ಕಬೇಕು?"

ಬಿಲ್ಕೀಸ್ ಕೈ ಹಿಡಿದು ನೋಡಿ, "ಯವ್ವಾ, ಕೈ ಭಾಳ ಬಾತೈತಲ್ಲ, ಹೋಗಂಗಿಲ್ಲ ಬಿಡ್ರಿ" ಎಂದಳು.

"ಸೋಪ್ ಹಚ್ಚು. ಕವರ್ ಸುತ್ತು. ಎಂಥೆಂಥಾ ಕೈಗೆ ತೊಡಿಸಿಲ್ಲ ನೀನು?" ಸರೋಜಕ್ಕನ ದನಿ ಏರಿತು. ಸಹನಾ ತಲೆ ತಗ್ಗಿಸಿದಳು. ಸುತ್ತಲಿದ್ದ ಹೆಂಗಸರ ಕಣ್ಣೆಲ್ಲ ಆ ಕೈ ಮೇಲೆ. ಆರತಿ ಎತ್ತುವ ತನಕ ತಾನೇ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡಳು ಚೌಡೇಶ್ವರಿ. ಜಗಳಗಂಟಿ ಎಂದು ಹೆಸರು ಹೊತ್ತವಳು, ಜಗಳ ಆಡಲೇಬೇಕಾಗಿದ್ದ ಹೊತ್ತಿನಲ್ಲಿ ಸುಮ್ಮನಾದಳು. ಬಿಲ್ಕೀಸ್ ಪ್ಲಾಸ್ಟಿಕ್ ಕವರು ಸುತ್ತಿ, ಸೋಪು ಸವರಿ, ಹಿಂಡಿ ಹಿಂಡಿ ಬಳೆ ದಾಟಿಸಿದಳು. ಮುಗಿದ ಕೂಡಲೇ ಮಲಾರ ಕಟ್ಟಿಕೊಂಡು ಮುಂದಿನ ಊರಿನ ಆಟೋ ಹತ್ತಿದಳು.

ಆರತಿ ಆಯಿತು. ಊಟಕ್ಕೆ ಕೂತಾಗ ಕೈ ಚುರುಗುಟ್ಟಿತು. ನೋಡಿದರೆ ಬಳೆ ಮಾಂಸದೊಳಗೆ ಕೂತಿದೆ, ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿವೆ. ಎಲೆ ಬಿಟ್ಟು ಎದ್ದು ಬಚ್ಚಲಿಗೆ ಓಡಿದಳು. ಸೋಪು ಹಚ್ಚಿದಳು, ಎಣ್ಣೆ ಹಚ್ಚಿದಳು. ಬಳೆ ಜಗ್ಗಲಿಲ್ಲ. ಬೆರಳಿಟ್ಟು ನೋಡಿದಳು. ಗುಂಯ್ ಎನ್ನುವುದು ಬಲು ದೂರಕ್ಕೆ ಹೋಗಿಬಿಟ್ಟಿತ್ತು.

ಅಂಗಳಕ್ಕೆ ಬಂದು ಕೂಗಿದಳು. "ಏನ್ರೀ! ಬಳಿ ಒಡೀರಿ. ಈಗಿಂದೀಗ."

ಇಡೀ ಪಂಕ್ತಿ ತಿರುಗಿ ನೋಡಿತು. ಸರೋಜಕ್ಕ ಸಾರಿನ ಸೌಟು ಹಿಡಿದುಕೊಂಡೇ ಅಡ್ಡ ಬಂದಳು. "ಬಾಯ್ಮುಚ್ಚೇ! ಶುಭ ಮಾಡೋ ಮನ್ಯಾಗೆ ಬಳಿ ಒಡೀತಾರಾ? ಸಂಜಿಗೆ ನಿಮ್ಮೂರಿಗೆ ಹೋಗಿ ಏನಾರ ಮಾಡ್ಕ."

"ಸಂಜಿ ತನಕ ರಕ್ತ ನಿಂತ್ರೆ ಈ ಕೈ ಸತ್ತು ಹೋಗುತ್ತೆ ಅಕ್ಕ! ಮತ್ತೆ ನನ್ನ ಎದಿಗೆ ಪೈಪ್ ಹಾಕ್ತಾರೆ. ಕೀವಾದ್ರೆ ನೀವು ಬಂದು ಒರೆಸ್ತೀರಾ?"

"ಗಂಡ ಇರೋಳು ಆಡೋ ಮಾತಾ ಇದು?"

ಅಂಜಿನಪ್ಪ ಅಕ್ಕನ ಮುಖ ನೋಡಿದ, ಹೆಂಡತಿಯ ಕೈ ನೋಡಿದ. "ಬೈಕ್ ಹತ್ತು, ಆಸ್ಪತ್ರಿಗೇ ಹೋಗಾಣ, ಅವ್ರೇ ತೆಗೀತಾರೆ" ಎಂದು ಗೊಣಗಿದ.

"ದಾವಣಗೆರೆ ಮುಟ್ಟೋದ್ರಾಗೆ ಮುಗ್ದಿರುತ್ತೆ. ನಿಮ್ಮ ಕಟಿಂಗ್ ಪ್ಲೇಯರ್ ಬೈಕಿನಾಗೈತೆ. ತರ್ತೀರೋ, ನಾನೇ ಕಲ್ಲಿಗೆ ಬಡಕಳ್ಲೋ? ಚೂರು ನರಕ್ಕೆ ಹೊಕ್ಕಂಡ್ರೆ ಇಲ್ಲೇ ಪಂಕ್ತಿ ನಡುವೆ ರಕ್ತ ಕಾರಂಜಿ ಆಗುತ್ತೆ. ಆಗ ನೋಡ್ರಿ ಶುಭ!"

ಅವನು ತಂದ. ಜಗುಲಿ ಮೇಲೆ ಕೂತು ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಟವೆಲಿನ ಅಂಚು ಒದ್ದೆ ಮಾಡಿ ಬಳೆಯ ಕೆಳಗೆ ತೂರಿಸಿದ. ಕಾರ್ಖಾನೆಯಲ್ಲಿ ಕಬ್ಬಿಣದ ತಂತಿ ಕಚಕ್ಕನೆ ಕತ್ತರಿಸುವವನು ಪ್ಲೇಯರನ್ನು ಬಳೆಯ ಹತ್ತಿರ ತಂದು ಹಿಂದಕ್ಕೆ ತೆಗೆದ.

"ಹೆದರಬ್ಯಾಡ್ರಿ. ಮ್ಯಾಲಿನ ಕಡೆ ಹಿಡೀರಿ, ಹೊಲಿಗಿ ಕಡೆ ಬ್ಯಾಡ."

ಮೊದಲ ಬಳೆ ಟಕ್ಕೆಂದಿತು. ಯಾರೋ ಸಹನಾಳ ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡು ಹೋದರು. "ಕಟ್ಟಿಕಂಡ ಗಂಡನ ಕೈಲೇ ಒಡಿಸ್ಕಂಡ್ಲಲ್ಲಪ್ಪಾ!" ಎಂದು ಸರೋಜಕ್ಕ ಗೋಳಾಡಿದಳು. ಅಂಜಿನಪ್ಪ ತಲೆ ಎತ್ತದೆ ಒಂದೊಂದನ್ನೇ ಚಿವುಟಿದ. ಕೊನೆಯದು ಬಿದ್ದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವಳ ಚರ್ಮ ತರಚಿತ್ತು, ನಾಳಕ್ಕೆ ಏನೂ ಆಗಿರಲಿಲ್ಲ.

ಬೈಕಿನ ಹಿಂದೆ ಕೂತು, ಕೈಯನ್ನು ಗಂಡನ ತಲೆಗಿಂತ ಮೇಲೆ ಎತ್ತಿ ಹಿಡಿದೇ ದಾವಣಗೆರೆ ತನಕ ಹೋದಳು. ಹರಿಹರ ದಾಟುವಾಗ ಪರಿಚಯದವನೊಬ್ಬ ತನ್ನನ್ನೇ ಕರೆಯುತ್ತಿದ್ದಾಳೆಂದುಕೊಂಡು ತಿರುಗಿ ಕೈ ಬೀಸಿದ. ಅಷ್ಟು ಸಂಕಟದಲ್ಲೂ ಅವನಿಗೊಂದು ಬೈಗುಳ ಎಸೆದಳು.

ಡ್ಯೂಟಿ ಡಾಕ್ಟರು ಕೈ ಮೇಲೆ ಬಳೆ ಕೂತ ಗುರುತು ನೋಡಿದವರೇ ಗದರಿದರು. "ಬಳೆ ಹಾಕ್ಬಾರ್ದು ಅಂತ ಹೇಳಿರ್ಲಿಲ್ವಾ? ಎಷ್ಟು ಹೇಳಿದ್ರೂ ನಿಮ್ಮಂಥವರಿಗೆ ತಲೆಗೆ ಹೋಗಲ್ಲ."

"ಹೇಳಿದ್ರಿ. ಹಾಕ್ಕಂಡಿದ್ದು ನನ್ನ ತಪ್ಪೇ. ಆದ್ರೆ ಬಳಿ ತೊಟ್ಟಿದ್ದು ಇವತ್ತು ಸಾರ್. ಕೈ ಬಾತಿದ್ದು ದೀಪಾವಳಿಗೆ ಮುಂಚೆ! ನಾನು ಹೇಳಿದ್ದು ಯಾಕ ನಿಮ್ಮ ತಲಿಗೆ ಹೋಗ್ಲಿಲ್ಲ? ಒಂದ್ ದಿನ ಈ ಕೈ ಮುಟ್ಟಿ ನೋಡಿದ್ರಾ? ಯಾಕ ಬಾತೈತೆ ಅಂತ ಗೊತ್ತಾಗೋ ತನಕ ನಾನು ಈ ಮಂಚ ಬಿಟ್ಟು ಏಳಂಗಿಲ್ಲ."

ಅಂಜಿನಪ್ಪ "ಹೋಗ್ಲಿ ಬಿಡೇ" ಎಂದ. ಅವಳು ಬಿಡಲಿಲ್ಲ. ವಾರ್ಡಿನವರೆಲ್ಲ ಬಾಗಿಲಿಗೆ ಬಂದು ನಿಂತ ಮೇಲೆ ದೊಡ್ಡ ಡಾಕ್ಟರನ್ನು ಕರೆಸಿದರು. ಅವರು ಕೈ ಮುಟ್ಟಿದರು, ಸ್ಕ್ಯಾನ್ ಬರೆದರು. ಫಿಸ್ಟುಲಾ ಉಳಿದಿತ್ತು, ರಕ್ತದ ಓಟ ಮಾತ್ರ ನಿಧಾನ. ರೋಗ ಇದ್ದದ್ದು ಎದೆಯಲ್ಲಿ. ಮೊದಲು ಪೈಪು ಇಳಿಸಿದ್ದ ನಾಳ ಒಳಗೇ ಕುಗ್ಗಿ, ಕೈಯ ರಕ್ತಕ್ಕೆ ವಾಪಸು ಹೋಗಲು ದಾರಿ ಇರಲಿಲ್ಲ. ಬಲೂನು ಹಾಕಿ ಅಗಲ ಮಾಡಬೇಕು ಎಂದರು. ಇಷ್ಟಕ್ಕೆ ಇಷ್ಟು ತಿಂಗಳು ಬೇಕಾಯಿತು. ಅಲ್ಲಿಯ ತನಕ ಅವಳಿಗೆ ಸಿಕ್ಕ ಮದ್ದೆಲ್ಲ ಬರೀ ದಿಂಬು.

ಬಲೂನು ಹಾಕಿದ ಮೇಲೆ ಕೈಯ ಬಾವು ಇಳಿಯತೊಡಗಿತು. ಪೂರ್ತಿ ಇಳಿದಿಲ್ಲ. ನಾಳ ಮತ್ತೆ ಕುಗ್ಗಬಹುದು, ಆಗ ಮತ್ತೆ ಮಾಡಬೇಕಾಗಬಹುದು ಎಂದಿದ್ದಾರೆ.

ಅವಳು ಮೆಷಿನ್ನಿಗೆ ಕೈ ಕೊಟ್ಟು ಮಲಗಿದ್ದಾಗ ಸರೋಜಕ್ಕನ ಫೋನು ಬಂತು. ಊರ ಜನ ಆಡಿಕೊಳ್ಳುತ್ತಿದ್ದಾರಂತೆ, ಒಂದು ಶಾಂತಿ ಮಾಡಿಸಬೇಕಂತೆ. "ನನ್ನ ತಮ್ಮನಿಗೆ ಏನಾರ ಆದ್ರೆ ಯಾರೇ ಜವಾಬ್ದಾರಿ?"

ಚೌಡೇಶ್ವರಿ ಫೋನನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದಳು. "ನಿಮ್ಮ ತಮ್ಮಗೆ ಏನೂ ಆಗಿಲ್ಲಕ್ಕ. ಹೊರಗೆ ಚಾ ಕುಡ್ಕಂತ ಮಿರ್ಚಿ ತಿಂತಾ ನಿಂತಾರೆ. ಕೈ ಬಾತಿದ್ದು ನಂದು, ಸಾಯಂಗಾಗಿದ್ದೂ ನಾನು. ಕುಬುಸ ಆದಾಗಿಂದ ನೀವು ಫೋನ್ ಮಾಡಿದ್ದು ಇದೇ ಮೊದಲು, ನೀನು ಹೆಂಗಿದೀಯೇ ಅಂತ ಕೇಳಿದ್ರಾ?"

ಪಕ್ಕದ ಮಂಚದ ಬೀಬಿಜಾನ್ ಅಜ್ಜಿ ಹೊದಿಕೆ ಸರಿಸಿ ಕಿವಿಗೊಟ್ಟಳು.

"ಹೆಂಗಿದೀಯೇ?" ಎಂದಳು ಸರೋಜಕ್ಕ, ಕೊನೆಗೂ.

"ಸಿಟ್ಟಿನಾಗೆ ಇದೀನಿ," ಎಂದು ಫೋನಿಟ್ಟಳು.