ಬಿಸಿ ತಟ್ಟದ ಪಾದ

ನನ್ನ ಇಡೀ ದೇಹದಲ್ಲಿ ನನಗಿಂತ ಹೆಚ್ಚು ಮರ್ಯಾದೆ ಸಿಕ್ಕಿರುವುದು ನನ್ನ ಎರಡು ಪಾದಗಳಿಗೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಂಕಟಕ್ಕೆ ಹೇಳುತ್ತಿದ್ದೇನೆ. ನಾನು ಹುಟ್ಟಿದ್ದು ಜಂಗಮರ ಮನೆಯಲ್ಲಿ. ಮೂವತ್ತು ವರ್ಷ ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾಗಿ, ಈಗ ರಾಯಚೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಆದರೆ ನಮ್ಮ ಮನೆತನಕ್ಕೆ ನಡೆದುಕೊಳ್ಳುವ ಭಕ್ತರ ಮನೆಗಳಲ್ಲಿ ನನ್ನ ವಿಜ್ಞಾನವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನಾನು 'ತಾತ'. ಶ್ರಾವಣ ಬಂತೆಂದರೆ ಕರೆದು ಕೂಡಿಸಿ, ಹರಿವಾಣದಲ್ಲಿ ಕಾಲಿಡಿಸಿ, ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ, ಹಣೆ ಮುಟ್ಟಿಸಿ ನಮಸ್ಕರಿಸುತ್ತಾರೆ. ಆಮೇಲೆ ತುಪ್ಪ, ಹೋಳಿಗೆ. ತಲೆಯನ್ನು ಬಿಟ್ಟು ಕಾಲಿಗೆ ಮಾತ್ರ ಗೌರವ ಕೊಡುವ ಈ ಏರ್ಪಾಡಿನ ಬಗ್ಗೆ, ಹೋಳಿಗೆಯ ಮುಖ ನೋಡಿ, ನಾನು ಎಂದೂ ತಕರಾರು ಎತ್ತಿದವನಲ್ಲ.

ಅಂಥ ಪಾದಗಳಿಗೆ ಒಂದು ದಿನ ಜೋಮು ಹಿಡಿಯಿತು. ಚಕ್ಕಳಮಕ್ಕಳ ಹಾಕಿ ಕೂತದ್ದಕ್ಕೆ ಹಿಡಿದಿರಬೇಕೆಂದು ಎದ್ದು ಕೊಡವಿದೆ. ಹೋಗಲಿಲ್ಲ. ನೆಂಟರ ಹಾಗೆ ಎರಡು ದಿನ ಇದ್ದು ಹೋಗಬಹುದೆಂದು ಕಾದೆ. ಜೋಮು ಹೋಗುವ ಬದಲು ತನ್ನ ಬಳಗವನ್ನೂ ಕರೆಸಿಕೊಂಡಿತು. ಮೊದಲು ಇರುವೆ ಹರಿದಂತೆ, ಆಮೇಲೆ ಮೆಣಸಿನಕಾಯಿ ಅರೆದು ಹಚ್ಚಿದಂತೆ, ಕೊನೆಗೆ ಏನೂ ಇಲ್ಲದಂತೆ. ಈ 'ಏನೂ ಇಲ್ಲ' ಎನ್ನುವುದೇ ಎಲ್ಲಕ್ಕಿಂತ ತೊಂದರೆಯದು. ಉರಿಯುವ ಕಾಲನ್ನು ಬೈಯಬಹುದು. ಇಲ್ಲದ ಕಾಲನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಒಮ್ಮೆ ದೇವದುರ್ಗದ ಬಸ್ಸಿನಲ್ಲಿ ಹೋಗುವಾಗ ಗಬ್ಬೂರಿನಲ್ಲಿ ಚಹಾಕ್ಕೆಂದು ಇಳಿದೆ. ಅರ್ಧ ಚಹಾ ಕುಡಿದಾಗ ಬಸ್ಸಿನ ಕಿಟಕಿಯಿಂದ ಕಂಡಕ್ಟರು ಒಂದು ಚಪ್ಪಲಿ ಎತ್ತಿ ಹಿಡಿದು, "ಯಾರದ್ರೀ ಇದು, ಒಂಟಿ ಚಪ್ಪಲಿ?" ಎಂದು ಕೇಳಿದ. ಯಾರೋ ಮರೆಗುಳಿ ಎಂದು ನಾನೂ ಎಲ್ಲರೊಡನೆ ನಕ್ಕೆ. ಪಕ್ಕದವನು ನನ್ನ ಬಲಗಾಲನ್ನು ನೋಡಿದ. ನಾನೂ ನೋಡಿದೆ. ಗಬ್ಬೂರಿನ ಮೇ ತಿಂಗಳ ಡಾಂಬರಿನ ಮೇಲೆ ಅದು ಬರಿಗಾಲಿನಲ್ಲಿ ಹಾಯಾಗಿ ನಿಂತಿತ್ತು.

ಇನ್ನೊಂದು ಫಜೀತಿ ಆಶೀರ್ವಾದದ್ದು. ಕಣ್ಣು ಮುಚ್ಚಿ ಕೂತಾಗ ಪಾದಕ್ಕೆ ಕೈ ಸೋಕಿದರೆ "ಒಳ್ಳೇದಾಗ್ಲಿ" ಎನ್ನುವುದು ಹಳೆಯ ರೂಢಿ. ಈಗ ಯಾರೂ ಮುಟ್ಟದಿದ್ದರೂ ಸೋಕಿದಂತಾಗುತ್ತದೆ. ಮನೆಯಲ್ಲಿ ಪೇಪರು ಓದುತ್ತ ನಾಲ್ಕು ಸಲ "ಒಳ್ಳೇದಾಗ್ಲಿ" ಅಂದಿದ್ದೇನೆ. ನನ್ನ ಹೆಂಡತಿ ಶಾಂತಮ್ಮ ಅಡುಗೆಮನೆಯಿಂದ ಇಣುಕಿ, "ಯಾರಿಗ್ರೀ ಅದು, ಪೇಪರ್‌ನಾಗಿನ ಮಂತ್ರಿಗೇನು?" ಎಂದು ಕೇಳಿದ್ದಾಳೆ. ಅತ್ತ ಭಕ್ತರ ಮನೆಯಲ್ಲಿ ಇದರ ಉಲ್ಟಾ. ಮಾನ್ವಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಪಾದದ ಮೇಲೆ ಹಣೆಯಿಟ್ಟಳು. ನನಗೆ ಗೊತ್ತಾಗಲಿಲ್ಲ, ನಾನು ಏನೂ ಅನ್ನಲಿಲ್ಲ. ತಾತ ಹರಸದೆ ಏಳಬಾರದೆಂದು ಆಕೆ ಹಾಗೇ ಇದ್ದಳು. ಕೊನೆಗೆ ಆಕೆಯ ಮಗ ಕೆಮ್ಮಿದ ಮೇಲೆ ಕಣ್ಣು ಬಿಟ್ಟು, ಹರಸಿ, ಇಬ್ಬರು ಸೇರಿ ಆಕೆಯನ್ನು ಎತ್ತಿ ನಿಲ್ಲಿಸಬೇಕಾಯಿತು.

ಕಾರಣ ಹುಡುಕೋಣವೆಂದು ರಾಯಚೂರಿನ ಡಾಕ್ಟರಮ್ಮನ ಬಳಿ ಹೋದೆ. ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಕೇಳುವುದನ್ನೆಲ್ಲ ಕೇಳಿ, ಬರಿಹೊಟ್ಟೆಯ ರಕ್ತಪರೀಕ್ಷೆಗೆ ಒಂದು ಚೀಟಿ, ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಪರೀಕ್ಷೆಗೆ ಇನ್ನೊಂದು ಚೀಟಿ ಬರೆದುಕೊಟ್ಟಳು. ಇಲ್ಲಿ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಸಕ್ಕರೆ ಎಂಬ ಮಾತು ಕೇಳಿದೊಡನೆ ಕಣ್ಣ ಮುಂದೆ ಹೋಳಿಗೆ ಬಂದು ನಿಂತಿತು. ಎರಡು ದಿನ ಬರೀ ಮಜ್ಜಿಗೆ ನೀರು ಕುಡಿದು ಸೋಮವಾರದ ಉಪವಾಸವೆಂದು ಹೆಸರಿಟ್ಟು, ಮೂರನೆಯ ದಿನ ರಕ್ತ ಕೊಟ್ಟೆ. ಪಾಸಾದೆ. ಎರಡನೆಯ ಚೀಟಿಯನ್ನು ಅಂಗಿಯ ಜೇಬಿನಲ್ಲೇ ಬಿಟ್ಟೆ, ಶಾಂತಮ್ಮ ಅಂಗಿಯನ್ನು ಒಗೆದಳು, ಚೀಟಿಯೂ ಶುದ್ಧವಾಯಿತು. ಪರೀಕ್ಷೆಯಲ್ಲಿ ನಕಲು ಹೊಡೆದವರನ್ನು ಮೂವತ್ತು ವರ್ಷ ಕಿವಿ ಹಿಡಿದು ಹೊರಗೆ ಹಾಕಿದ ಮೇಷ್ಟ್ರು ನಾನು.

ಸಕ್ಕರೆ ಅಲ್ಲವೆಂದ ಮೇಲೆ ಬೇರೆ ಕಾರಣ ಬೇಕಲ್ಲ? ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಎದುರುಮನೆಯವರು ಫ್ರಿಜ್ಜಿನ ನೀರು ಅಂದರು. ಜೊತೆಯಲ್ಲಿ ಕಲಿಸುತ್ತಿದ್ದ ಗಣಿತದ ಮೇಷ್ಟ್ರು ಪ್ಯಾಂಟಿನ ಜೇಬಿನ ಮೊಬೈಲು ಅಂದರು. ನಾನು ಉಡುವುದು ಧೋತ್ರ ಎಂದರೆ, "ಹಂಗಾರ ಧೋತ್ರದ ಗಂಟು ಬಿಗಿ ಆಗ್ಯಾದ" ಅಂದರು. ನಮ್ಮ ಪೂರ್ವಿಕರು ಇದಕ್ಕೆ ಕಾಕತಾಳೀಯ ನ್ಯಾಯ ಎಂದು ಹೆಸರಿಟ್ಟಿದ್ದಾರೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಆದ್ದರಿಂದ ಕಾಗೆಯೇ ಬೀಳಿಸಿತು ಎಂದು ತಿಳಿಯುವುದು ಮೂರ್ಖತನ. ಈ ನ್ಯಾಯವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಾಲು ನನ್ನದಾದಾಗ ಮಾತ್ರ ರಾಯಚೂರಿನ ಕಾಗೆಗಳ ಮೇಲೆಲ್ಲ ಸಂಶಯ ಬಂತು.

ಮಾನ್ವಿಯ ನಾಟಿ ವೈದ್ಯರು ಕಾಲನ್ನು ತಟ್ಟಿ ನೋಡಿ, ವಾಯು ಸೇರಿ ತಣ್ಣಗಾಗಿದೆ, ಕಾಯಿಸಿದ ಎಣ್ಣೆ ಹಚ್ಚಿರಿ ಎಂದರು. ದೇವದುರ್ಗದ ಗಿಡಮೂಲಿಕೆಯವರು ಅದೇ ಕಾಲನ್ನು ನೋಡಿ, ಮೈಯ ಉಷ್ಣವೆಲ್ಲ ಕಾಲಿಗೆ ಇಳಿದಿದೆ, ತಣ್ಣನೆಯ ಸೊಪ್ಪಿನ ಲೇಪ ಕಟ್ಟಿರಿ ಎಂದರು. ಇಬ್ಬರೂ ದೊಡ್ಡವರು, ಯಾರನ್ನೂ ನೋಯಿಸಬಾರದು. ವಿಜ್ಞಾನದ ಮೇಷ್ಟ್ರಾದ ನಾನು ಪ್ರಯೋಗಕ್ಕಿಳಿದೆ. ಎಡಗಾಲನ್ನು ಮಾನ್ವಿಗೆ ಕೊಟ್ಟೆ, ಬಲಗಾಲನ್ನು ದೇವದುರ್ಗಕ್ಕೆ ಕೊಟ್ಟೆ. ಒಂದು ತಿಂಗಳ ಪ್ರಯೋಗದಿಂದ ತಿಳಿದುಬಂದದ್ದಿಷ್ಟು: ಎಡಗಾಲನ್ನು ಓಣಿಯ ನಾಯಿ ನೆಕ್ಕುತ್ತದೆ, ಬಲಗಾಲನ್ನು ಆಡು ಮೂಸುತ್ತದೆ, ಎರಡೂ ನನಗೆ ಗೊತ್ತಾಗುವುದಿಲ್ಲ.

ಇಷ್ಟರಲ್ಲಿ ಶ್ರಾವಣ ಬಂತು. ಪೋತ್ನಾಳದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಶರಣಪ್ಪನವರು ನಮ್ಮ ಹಳೆಯ ಭಕ್ತರು. ಅವರ ಮನೆಗೆ ಆ ವರ್ಷ ಹೊಸ ಸೊಸೆ ಬಂದಿದ್ದಳು, ಪಾದಪೂಜೆಯ ನೀರು ಆಕೆಯ ಕೈಯಿಂದಲೇ ಬೀಳಬೇಕಿತ್ತು. ಆ ಹುಡುಗಿ ಗಾಬರಿಯಲ್ಲಿ ಹಂಡೆಯಿಂದ ಕುದಿಯುವ ನೀರನ್ನೇ ತಂಬಿಗೆಯಲ್ಲಿ ತುಂಬಿ ತಂದು, ತಣ್ಣೀರು ಬೆರೆಸುವುದನ್ನು ಮರೆತು, ನನ್ನ ಬಲ ಪಾದಕ್ಕೆ ಸುರಿದಳು. ನಾನು ಅಡುಗೆಮನೆಯ ಕಡೆಯಿಂದ ಬರುತ್ತಿದ್ದ ಏಲಕ್ಕಿಯ ವಾಸನೆಯಲ್ಲಿ ಮಗ್ನನಾಗಿದ್ದೆ. ಪಾದ ತೊಳೆಯಲು ಕೈಯಿಟ್ಟ ಶರಣಪ್ಪನವರು ಚಟ್ಟನೆ ಕೈ ಹಿಂದೆಗೆದರು. ನೀರು ನೋಡಿದರು, ಹಬೆ ನೋಡಿದರು, ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಹೋಳಿಗೆಯ ಶಾಂತಿ ಇತ್ತು.

"ಶಿವಶಿವಾ, ತಾತನ ಪಾದಕ್ಕ ಬಿಸಿ ತಟ್ಟಂಗಿಲ್ಲ" ಎಂದು ಅವರು ನೆಲಕ್ಕೆ ಬಿದ್ದರು. ಹಿಂದೆಯೇ ಮನೆಮಂದಿಯೆಲ್ಲ ಬಿದ್ದರು.

ಆಗ ನಾನು ಬಾಯಿ ಬಿಡಬೇಕಿತ್ತು. ಇದು ನರದ ರೋಗ, ಏಳಿರಿ, ತಣ್ಣೀರು ತನ್ನಿ ಎನ್ನಬೇಕಿತ್ತು. ನಾನು ಕಣ್ಣನ್ನು ಅರ್ಧ ಮುಚ್ಚಿಕೊಂಡೆ. ಯಾಕೆ ಅಂತ ಕೇಳಬೇಡಿ. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬರೂ ಹಾಗೆ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಬ್ಬೆರಳಿನಿಂದ ಅರ್ಧ ಪಾದದವರೆಗೆ ಬೊಬ್ಬೆ ಎದ್ದಿತ್ತು. ನಡೆದದ್ದನ್ನು ಕೇಳಿದ ಶಾಂತಮ್ಮ, "ಕಾಲಿಗಿ ಜೋಮು ಹಿಡಿದಿತ್ತು, ಖರೆ. ಬಾಯಿಗೇನಾಗಿತ್ರೀ? ಅದಕ್ಕೂ ಹಿಡಿದಿತ್ತೇನು?" ಅಂದಳು. ನಾಲ್ಕು ದಿನಕ್ಕೆ ಬೊಬ್ಬೆ ಒಡೆದು ಗಾಯವಾಯಿತು, ಹತ್ತು ದಿನವಾದರೂ ಮಾಯಲಿಲ್ಲ. ಶಾಂತಮ್ಮ ಆಟೋ ತರಿಸಿ ನನ್ನನ್ನು ಡಾಕ್ಟರಮ್ಮನ ಮುಂದೆ ಕೂಡಿಸಿ, ಉಪವಾಸದ ಕಥೆ, ಒಗೆದುಹೋದ ಚೀಟಿಯ ಕಥೆ, ಎಲ್ಲವನ್ನೂ ಒಪ್ಪಿಸಿದಳು.

ಡಾಕ್ಟರಮ್ಮ ಗಾಯವನ್ನು ಬಗ್ಗಿ ನೋಡುತ್ತ, "ಸರ್, ಇಂಥಾದ್ದಕ್ಕ ನೀವು ನಮ್ಮನ್ನ ಬೆಂಚಿನ ಮ್ಯಾಲ ನಿಲ್ಲಿಸ್ತಿದ್ರಿ" ಅಂದಳು. ನಿಲ್ಲುತ್ತೇನೆ ಅಂದೆ. "ಕಾಲಿಲ್ಲದೆ ಹೆಂಗ ನಿಲ್ತೀರಿ?" ಅಂದಳು. ಆ ಮಾತಿಗೆ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೂರು ತಿಂಗಳ ಪರೀಕ್ಷೆ ಎಂದರೆ ಹಾಜರಿ ಪುಸ್ತಕ ಇದ್ದ ಹಾಗೆ, ಒಂದು ದಿನ ಇಸ್ತ್ರಿ ಅಂಗಿ ತೊಟ್ಟು ಬಂದು ಅದನ್ನು ಏಮಾರಿಸಲಾಗದು. ಅದರಲ್ಲಿ ನನ್ನ ಹೋಳಿಗೆಗಳೆಲ್ಲ ಸಾಲಾಗಿ ಹಾಜರಿದ್ದವು. ಸಕ್ಕರೆ ವರ್ಷಗಟ್ಟಲೆ ಏರಿ ಕೂತು ಕಾಲಿನ ನರಗಳನ್ನು ತಿಂದಿದೆ, ಹೋದ ಸ್ಪರ್ಶ ಮರಳುತ್ತದೆಂದು ಹೇಳಲಾಗದು, ಈ ಗಾಯ ಮಾಯದಿದ್ದರೆ ಹೆಬ್ಬೆರಳು ತೆಗೆಯಬೇಕಾದೀತು ಎಂದು ಆಕೆ ಬಿಡಿಸಿ ಹೇಳಿದಳು. ಬರಿಗಾಲು ಬೇಡ, ಬಿಸಿನೀರು ಬೇಡ, ದಿನಾ ಅಂಗಾಲು ನೋಡಿಕೊಳ್ಳಬೇಕು, ಮಾತ್ರೆ ತಪ್ಪಬಾರದು, ಹೋಳಿಗೆಯ ಹೆಸರೆತ್ತಬಾರದು. ಮೂರು ತಾಲೂಕು ಸುತ್ತಿ ನಾನು ಹುಡುಕಿದ ಕಾರಣ, ಹೋದಲ್ಲೆಲ್ಲ ನನ್ನ ತಟ್ಟೆಯಲ್ಲೇ ತುಪ್ಪ ಹಾಕಿಸಿಕೊಂಡು ಕೂತಿತ್ತು.

ಆದರೆ ಪೋತ್ನಾಳದ ಸುದ್ದಿ ನನ್ನ ಗಾಯಕ್ಕಿಂತ ಜೋರಾಗಿ ಹಬ್ಬಿತ್ತು. ಬಿಸಿ ತಟ್ಟದ ಪಾದ ನೋಡಲು ರಾಯಚೂರಿನ ಮನೆಗೆ ಜನ ಬರತೊಡಗಿದರು. ಬ್ಯಾಂಡೇಜು ಕಂಡವರಿಗೆ, "ಇದು ರೋಗ ಅದ್ರಪ್ಪಾ, ನರ ಸತ್ತಾವ" ಎಂದು ಹೇಳುತ್ತಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ದೊಡ್ಡೋರು ತಮ್ಮ ದೊಡ್ಡಸ್ತನ ಹೇಳ್ಕೊಳ್ಳಂಗಿಲ್ಲ" ಎಂದು ಇನ್ನೊಮ್ಮೆ ಕೈಮುಗಿಯುತ್ತಿದ್ದರು. ತಪ್ಪು ಅವರದಲ್ಲ. ನಂಬಬಾರದು ಎನ್ನುವ ಧ್ವನಿಯಲ್ಲೇ ನಾನು ನಿಜ ಹೇಳುತ್ತಿದ್ದೆ. ಹಾಗೆ ಹೇಳುವುದಕ್ಕೆ ಬಹಳ ಅಭ್ಯಾಸ ಬೇಕು, ನನಗೆ ಒಂದೇ ವಾರದಲ್ಲಿ ಬಂತು.

ಹೀಗಿರುವಾಗ ಒಂದು ಮುಂಜಾನೆ ದೇವದುರ್ಗದ ಕಡೆಯಿಂದ ಹನುಮವ್ವ ಎಂಬಾಕೆ ಬಂದಳು. ಕುರಿ ಕಾಯುವ ಮನೆತನದ ಮುದುಕಿ. ಕಾಲಿಗೆ ಬೀಳಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಬ್ಯಾಂಡೇಜನ್ನೇ ನೋಡಿದಳು.

"ಯಪ್ಪಾ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ" ಅಂದಳು. "ನಮ್ಮ ಮನ್ಯಾವಂಗೂ ಎರಡು ವರ್ಷದಿಂದ ಬಿಸಿ ತಟ್ಟಂಗಿಲ್ಲ. ಹೋದ ತಿಂಗಳು ಕೆಂಡ ತುಳದಾನ, ಅವಂಗ ಗೊತ್ತಾಗಿಲ್ಲ. ನಮ್ಮೂರಾಗ ಅವನ ಕಾಲಿಗಿ ಯಾರೂ ಬೀಳಲಿಲ್ಲ. ವಾಸನಿ ಬರ್ತದ ಅಂತ ಹೊರಗ ಮಲಗಂತಾರ. ನಿಂದು ಪವಾಡ, ಅವಂದು ರೋಗ, ಅದ್ಹೆಂಗ? ಎರಡೂ ಒಂದ ಆಗಿದ್ರ ಹೇಳಿಬಿಡು. ಪವಾಡ ಇದ್ರ ನಾ ಸುಮ್ಮನ ಮನಿಗಿ ಹೋಗ್ತೀನಿ. ರೋಗ ಇದ್ರ ಅವನ್ನ ಉಳಿಸ್ಕೋಬೇಕು."

ಈ ಸಲ ಧ್ವನಿ ಸರಿಮಾಡಿಕೊಳ್ಳಲು ಹೊತ್ತು ಸಿಗಲಿಲ್ಲ. "ರೋಗವ್ವ. ಎರಡೂ ಒಂದೇ ರೋಗ" ಅಂದೆ.

ಆಕೆ ನಂಬಿದಳು. ನನ್ನ ಮಾತನ್ನು ಹೇಳಿದ ಹಾಗೆಯೇ ನಂಬಿದ ಮೊದಲ ವ್ಯಕ್ತಿ ಆಕೆ. "ಹಂಗಾದ್ರ ನಿಂಗ ತೋರಿಸೋ ದವಾಖಾನಿ ನಂಗೂ ತೋರಿಸು" ಎಂದು ಎದ್ದು ನಿಂತಳು. ಗಂಡನನ್ನು ಬಸ್ ಸ್ಟ್ಯಾಂಡಿನಲ್ಲೇ ಕೂಡಿಸಿ ಬಂದಿದ್ದಳು. ಶಾಂತಮ್ಮ ನನ್ನ ಕೈಗೆ ಊರುಗೋಲು ಕೊಟ್ಟಳು. ನನಗೆ ನಾಚಿಕೆಯಾಯಿತು.

ಹನುಮವ್ವನ ಗಂಡ ನಿಂಗಪ್ಪ, ನನ್ನದೇ ವಯಸ್ಸಿನವನು. ಡಾಕ್ಟರಮ್ಮ ಅವನ ಗಾಯ ತೊಳೆದು, ರಕ್ತ ತೆಗೆಸಿ, ಒಂದು ಬೆರಳು ಹೋದರೂ ಹೋದೀತು, ಕಾಲು ಉಳಿಯುತ್ತದೆ ಅಂದಳು. ಆಮೇಲೆ ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕಾಲು ಚಾಚಿ ಕೂಡಿಸಿದಳು. ಕೈಯಲ್ಲಿ ಒಂದು ಸಣ್ಣ ನೈಲಾನ್ ಎಳೆ. ಕಣ್ಣು ಮುಚ್ಚಬೇಕು, ಆಕೆ ಅಲ್ಲಲ್ಲಿ ಎಳೆಯಿಂದ ಚುಚ್ಚಿ "ಗೊತ್ತಾತೇನು?" ಎಂದಾಗ ಹೇಳಬೇಕು. ಎಲ್ಲಿಯವರೆಗೆ ಸತ್ತಿದೆ ಎಂದು ಸರಿಯಾಗಿ ತಿಳಿದರೆ ಉಳಿದದ್ದನ್ನು ಕಾಯಬಹುದು. ಈ ಪರೀಕ್ಷೆಯನ್ನು ನಾನು ಮೊಟ್ಟಮೊದಲು ತೋರಿಸಲು ಬಂದಾಗಲೂ ಮಾಡಿದ್ದಳು. ಆಗ ಆಕೆಯ ಬಳೆಯ ಸದ್ದು ಕೇಳಿ ಅಂದಾಜಿನ ಮೇಲೆ "ಹೂಂ, ಹೂಂ" ಎಂದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ಮೊದಲು ನಿಂಗಪ್ಪನ ಸರದಿ. "ಗೊತ್ತಾತೇನು?" "ಇಲ್ಲವ್ವ." "ಇಲ್ಲಿ?" "ಇಲ್ಲ." "ಈಗ?" "ಇಲ್ಲಬಿಡವ್ವ." ಒಂದು ಸಲವೂ ಅನುಮಾನಿಸಲಿಲ್ಲ, ಒಂದು ಸಲವೂ ತಗ್ಗಿದ ದನಿಯಲ್ಲಿ ಹೇಳಲಿಲ್ಲ. ಕುರಿ ಎಣಿಸಿ ಎಷ್ಟಿವೆ ಎಂದು ಹೇಳುವವನ ಧ್ವನಿ ಅದು. ಇದ್ದಷ್ಟೇ ಹೇಳಿದರೆ ಉಳಿದದ್ದು ಸಿಕ್ಕುತ್ತದೆ ಎನ್ನುವುದು ಅವನಿಗೆ ಯಾವ ಹೈಸ್ಕೂಲಿನಲ್ಲಿ ಯಾರು ಕಲಿಸಿದ್ದರೋ.

ಆಮೇಲೆ ನನ್ನದು. ಕಣ್ಣು ಮುಚ್ಚಿದೆ. ಬಳೆ ಸದ್ದಾಯಿತು. "ಸರ್, ಗೊತ್ತಾತೇನು?" ಎಂದು ಡಾಕ್ಟರಮ್ಮ ಕೇಳಿದಳು. "ಹೂಂ" ತುಟಿಯವರೆಗೆ ಬಂದಿತ್ತು, ಅದನ್ನು ನುಂಗಿಕೊಂಡು "ಇಲ್ಲಮ್ಮ" ಅಂದೆ. ಅಂದೊಡನೆ ಎದೆಯೊಳಗೆ ಚುರುಕ್ಕೆಂದಿತು. ಸದ್ಯ, ಅಲ್ಲಿಯ ನರಗಳಾದರೂ ಇನ್ನೂ ನೆಟ್ಟಗಿವೆ ಎಂದು ಸಮಾಧಾನವಾಯಿತು.